ಅಂಗೈಯ ಮೇಲಿನ ಅಕ್ಷರ

ತಮ್ಮ ತೀರಿಕೊಂಡ ಸುದ್ದಿ ಬಂದಾಗ ಅಕ್ಕ ಅವನ ಬನಿಯನ್ನುಗಳನ್ನು ಒಗೆದು ಹಿಂಡುತ್ತಿದ್ದಳು. ಚಿಕ್ಕಂದಿನಲ್ಲಿ ಬೆನ್ನ ಮೇಲೆ ಹೊತ್ತು ತಿರುಗಿಸಿದವಳು ಅವಳೇ. ಅದಕ್ಕೇ ಇಬ್ಬರೇ ಇದ್ದಾಗ ಅವನು ಅವಳನ್ನು ಕರೆಯುತ್ತಿದ್ದುದು ‘ಗಾಡಿ’ ಎಂದು. ಅವಳಿಗೆ ನೆಗಡಿಯಾಗಿದೆಯೆಂದು ನರ್ಸಮ್ಮ ಒಂದು ವಾರದಿಂದ ಐಸಿಯು ಒಳಗೆ ಬಿಟ್ಟಿರಲಿಲ್ಲ. ದಿನವೂ ಬಾಗಿಲ ಗಾಜಿಗೆ ಮುಖವಿಟ್ಟು ನೋಡಿ ಬರುತ್ತಿದ್ದಳು.

“ಶ್ವಾಸಕೋಶಕ್ಕೆ ಬೂಷ್ಟು ಹಿಡಿದಿತ್ತಮ್ಮ,” ಎಂದರು ಡಾಕ್ಟರು, ಆಸ್ಪತ್ರೆಗೆ ಓಡಿಬಂದವಳಿಗೆ.

“ಮನುಷ್ಯನಿಗೆ ಬೂಷ್ಟೇ? ಅವನೇನು ಹಳೇ ಬ್ರೆಡ್ಡೇ?”

“ತೀರಾ ನಿಶ್ಶಕ್ತರಾದವರಿಗೆ ಹಿಡಿಯುತ್ತೆ. ಪಕ್ಕದ ಕಟ್ಟಡ ಒಡೀತಿದಾರಲ್ಲ, ಆ ಧೂಳಲ್ಲೂ ಇರುತ್ತೆ. ಅದಕ್ಕೇ ಕಿಟಕಿಗೆಲ್ಲ ಟೇಪು ಹಚ್ಚಿಸಿದ್ವಿ. ಇವರಿಗೆ ಎಲ್ಲಿಂದ, ಯಾವಾಗ ಹಿಡೀತೋ ಹೇಳೋಕಾಗಲ್ಲ.”

“ಒಂದು ಕಿಟಕಿ ಟೇಪು ಯಾರೋ ಕಿತ್ತಿದ್ರು,” ಎಂದು ನರ್ಸಮ್ಮ ಗೊಣಗಿದಳು.

ಯಾರೋ! ಆ ಮಾತು ಅಕ್ಕನ ಕಿವಿಯಲ್ಲಿ ನೊಣದಂತೆ ಗುಂಯ್‌ಗುಟ್ಟಿತು. ತನ್ನ ತಪ್ಪು ಮುಚ್ಚಲು ನರ್ಸಮ್ಮನೇ ಹೀಗೆ ಹೇಳಿದಳೋ? ಮನೆಗೆ ಬಂದು ತಮ್ಮನ ಹೆಂಡತಿಯ ಮುಂದೆ ‘ಕಿಟಕಿ’ ಎಂದದ್ದೇ ತಡ, ಅವಳು ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ಆಸ್ಪತ್ರೆಯಲ್ಲಿ ಅವಳು ಹೊದ್ದಿದ್ದ ಶಾಲನ್ನು ಅಕ್ಕ ಕೊಡವಿದಳು. ಅಂಚಿಗೆ ಹಳದಿ ಟೇಪಿನ ತುಂಡು ಅಂಟಿತ್ತು.

ಸಂಜೆ ನೆಂಟರೆಲ್ಲ ಪ್ರಾರ್ಥನೆಗೆ ಬರುವವರು. ಇವಳ ಪಕ್ಕ ಕೂತು ಕೈ ಮುಗಿಯುವುದು ಹೇಗೆ?

“ಇದೆಲ್ಲಿಂದ ಬಂತೇ?”

“ಅತ್ತಿಗೆ...”

“ಅತ್ತಿಗೆ ಗಿತ್ತಿಗೆ ಬೇಡ. ಕಿತ್ತಿದ್ದು ನೀನು ತಾನೇ?”

“ಅವರೇ ಕೇಳಿದ್ರು. ಗಾಳಿ ಬೇಕು ಅಂತ.”

“ಬಾಯಲ್ಲಿ ನಳಿಕೆ ಇಟ್ಕೊಂಡು ಕೇಳಿದ್ನಾ? ಹೂವಿಡೋಕೆ ನನ್ನ ಕಿವೀನೇ ಸಿಕ್ತಾ ನಿಂಗೆ?”

“ಅಂಗೈ ಮೇಲೆ ಬೆರಳಲ್ಲಿ ಬರೆದ್ರು. ‘ಗಾ’ ಅಂತ. ಮುಂದಿನ ಅಕ್ಷರಕ್ಕೆ ಕೈ ಏಳ್ಲಿಲ್ಲ. ಬಾಗಿಲ ಕಡೆ ನೋಡ್ತಾನೇ ಇದ್ರು. ಗಾಳಿ ತಾನೇ ಅತ್ತಿಗೆ, ಇನ್ನೇನಿರುತ್ತೆ? ಒಂದು ಗಳಿಗೆ ತೆಗೆದೆ, ಅಷ್ಟೇ.”

“ಬಾಗಿಲ ಕಡೆಯೇ? ಕಿಟಕಿ ಕಡೆ ಅಲ್ವಾ?”

“ಬಾಗಿಲ ಕಡೇನೇ.”

ಅಕ್ಕ ಶಾಲನ್ನು ಕೆಳಗಿಟ್ಟಳು. ಆ ಬಾಗಿಲಾಚೆ ನಿಲ್ಲುತ್ತಿದ್ದವಳು ತಾನು. ‘ಗಾ’ ಆದ ಮೇಲೆ ಬರಬೇಕಾಗಿದ್ದ ಅಕ್ಷರ ಯಾವುದೆಂದು ತನಗೊಬ್ಬಳಿಗೇ ಗೊತ್ತು. ಗೊತ್ತೇ? ಇವಳು ಹೇಳುವುದೆಲ್ಲ ನಿಜವೇ? ಅನುಮಾನ ಪೂರಾ ಹೋಗಲಿಲ್ಲ. ಆದರೆ ಇಬ್ಬರೇ ಇದ್ದಾಗ ಅವನು ಕರೆಯುತ್ತಿದ್ದ ಆ ಹೆಸರನ್ನು ಈಗ ಹೇಳಿಬಿಟ್ಟರೆ, ಕಿಟಕಿ ತೆರೆದದ್ದೂ ದಂಡವಾಯಿತೆಂದು ಇವಳು ಬದುಕಿರುವಷ್ಟು ದಿನವೂ ಬೇಯುವಳು.

“ಗಾಳೀನೇ ಕೇಳಿರ್ತಾನೆ, ಬಿಡು,” ಎಂದಳು. “ಎಲ್ಲಿಂದ ಹಿಡೀತೋ ಡಾಕ್ಟರಿಗೇ ಗೊತ್ತಿಲ್ಲ. ಮುಖ ತೊಳ್ಕೊಂಡು ಬಾ, ಜನ ಬರ್ತಾರೆ.”

ಸಂಜೆ ಅವಳ ಪಕ್ಕದಲ್ಲೇ ಕೂತು ಅಕ್ಕ ಕಣ್ಣು ಮುಚ್ಚಿದಳು. ದೇವರೇ, ಅವನು ಕೇಳಿದ್ದು ಗಾಳಿಯೋ, ನನ್ನನ್ನೋ, ನಿನಗೇ ಗೊತ್ತು. ಕೇಳಿದ್ದನ್ನು ಕೊಡು ತಂದೆ. ನನ್ನ ಬೆನ್ನಿನಿಂದ ಇಳಿದ ಮಗುವನ್ನು ನೀನು ಹೊತ್ತುಕೋ. ಧೂಳಿಲ್ಲದ ಕಡೆ ಅವನು ಎದೆ ತುಂಬ ಉಸಿರಾಡಲಿ. ಅವನ ಆತ್ಮಕ್ಕೆ ಶಾಂತಿ ಸಿಗಲಿ.