ಕೊಸರು ಗುಂಡಿ

ಚಳಿ ಆಗತಾನೇ ಬೀದಿಗೆ ಇಳಿದಿತ್ತು. ಎರಡೂ ಬದಿಯ ಮರಗಳು ಎಲೆ ಉದುರಿಸಿ ಬೋಳಾಗಿ ನಿಂತಿದ್ದವು. ಗುಡಿಸುವವರು ಈ ಕಡೆ ರಾಶಿ ಮಾಡಿದರೆ ಗಾಳಿ ಅದನ್ನು ಆ ಕಡೆ ಹರಡುತ್ತಿತ್ತು. ಕೋಟಿನ ಕಾಲ ಅದು. ಕೋಟಿನ ಕಾಲವೆಂದರೆ ಗುಂಡಿಯ ಕಾಲ. ಅತ್ತಿಗೆ ಬೆಳಗಿನಿಂದ ಗುಂಡಿ ಮಾಡುವ ಯಂತ್ರದ ಮುಂದೆ ಕೂತವಳು ಎದ್ದಿರಲಿಲ್ಲ. ಬಟ್ಟೆಯನ್ನು ದುಂಡಗೆ ಕತ್ತರಿಸುವುದು, ತಗಡಿನ ಟೊಪ್ಪಿಗೆಯ ಮೇಲೆ ಹೊದಿಸುವುದು, ಹಿಂದಿನ ಬಿಲ್ಲೆ ಇಟ್ಟು ಹಿಡಿಯನ್ನು ಒತ್ತುವುದು. ಒತ್ತಿದಾಗ ಬರುವ ಸದ್ದಿನಲ್ಲೇ ಗುಂಡಿ ಸರಿಯಾಗಿ ಕೂತಿತೋ ಇಲ್ಲವೋ ಅವಳಿಗೆ ತಿಳಿಯುತ್ತಿತ್ತು.

ಇಡೀ ಬೀದಿಗೆ ಅವಳು ಅತ್ತಿಗೆ. ಗಂಡ ತೀರಿಕೊಂಡ ಮೇಲೆ ಮೈದುನನ ಜೊತೆ ಸೇರಿ ಅಂಗಡಿ ನಡೆಸುತ್ತಿದ್ದಳು. ಅವನು ದಿನವೆಲ್ಲ ಅತ್ತಿಗೆ, ಅತ್ತಿಗೆ ಎನ್ನುವುದನ್ನು ಕೇಳಿ ಕೇಳಿ ಗಿರಾಕಿಗಳಿಗೂ ಅದೇ ಬಾಯಿಗೆ ಬಂದಿತ್ತು.

ಅವಳು ಮದುವೆಯಾಗಿ ಹಳ್ಳಿಯಿಂದ ಬಂದಾಗ ಈ ಬೀದಿಯಲ್ಲಿ ಕೊಡೆ ರಿಪೇರಿಯವನಿದ್ದ, ಕಾಗದದ ಅಂಗಡಿಯಿತ್ತು, ಹಾಸಿಗೆ ಹೊಲಿಯುವವರಿದ್ದರು. ಈಗ ಸುಗಂಧದ ಅಂಗಡಿ, ಗಡಿಯಾರದ ಅಂಗಡಿ, ಒಳಗೆ ಕೂತವರಿಗಿಂತ ಕನ್ನಡಿಗಳೇ ಹೆಚ್ಚಿರುವ ಕಾಫಿ ಅಂಗಡಿ. ಎದುರಿನ ಅಂಗಡಿಯವರು ದೊಡ್ಡ ಗಾಜಿನ ಹಿಂದೆ ಒಂದೇ ಒಂದು ಕೈಚೀಲ ಇಟ್ಟು, ಅದರ ಸುತ್ತ ನಾಲ್ಕಾರು ದೀಪ ಹಚ್ಚಿದ್ದರು. "ಪಾಪ, ಇನ್ನೂ ಸರಕು ಬಂದಿಲ್ಲ ಅಂತ ಕಾಣುತ್ತೆ" ಎಂದು ಮೈದುನ ಮೊದಲ ದಿನ ನಿಜವಾಗಿಯೇ ಮರುಗಿದ್ದ.

"ಅತ್ತಿಗೆ, ಅವನು ಇವತ್ತೂ ಬಂದ."

ಅತ್ತಿಗೆ ಹಿಡಿಯ ಮೇಲಿನ ಕೈ ತೆಗೆಯದೆ ಕತ್ತು ಚಾಚಿ ನೋಡಿದಳು. ಕೈಚೀಲದ ಅಂಗಡಿಯ ಪಕ್ಕದ ಕಂಬಕ್ಕೆ ಒರಗಿ ಬೂದು ಕೋಟಿನವನೊಬ್ಬ ನಿಂತಿದ್ದ. ಕೈ ಜೇಬಿನ ಹತ್ತಿರ. ಮುಷ್ಟಿಯಲ್ಲಿ ಏನೋ ಇತ್ತು. ಯಾರಾದರೂ ಈ ಸಾಲಿನ ಅಂಗಡಿಯೊಂದರ ಒಳಗೆ ಕಾಲಿಟ್ಟರೆ ಹೆಬ್ಬೆರಳು ಅಲುಗುತ್ತಿತ್ತು. ಹಿಂದಿನ ದಿನ ಮೈದುನ ಅವನ ಪಕ್ಕದಲ್ಲೇ ಹಾದು ಹೋಗಿ ಟಿಕ್ ಎನ್ನುವ ಸದ್ದು ಕೇಳಿಸಿಕೊಂಡು ಬಂದಿದ್ದ. ಅಲ್ಲಿಂದ ಅವನ ಹೆಸರು ಟಿಕ್ಕಪ್ಪ.

"ಎಣಿಸ್ತಿದಾನೆ."

"ಎಣಿಸಲಿ. ಕುರಿ ಕಾಯೋನಿಗೂ ಸಂಜೆ ಎಣಿಸೋ ಕೆಲಸ ಇರುತ್ತೆ."

ಹಾಗೆಂದಳೇ ಹೊರತು ಒತ್ತಿದ ಗುಂಡಿಯ ಸದ್ದನ್ನು ಅವಳು ಕೇಳಿಸಿಕೊಳ್ಳಲಿಲ್ಲ. ಮುದುಕ ಮಾಲೀಕ ಹೋದ ಮೇಲೆ ಈ ಸಾಲಿನ ಅಂಗಡಿಗಳೆಲ್ಲ ಅವನ ಮಗಳ ಕೈಗೆ ಬಂದಿದ್ದವು. ಮುದುಕನ ಕಾಲದಲ್ಲಿ ಬಾಡಿಗೆ ಏರಿದ್ದು ಆಮೆ ಮೆಟ್ಟಿಲು ಹತ್ತಿದ ಹಾಗೆ. ಮಗಳು ಬಂದವಳು ನಿಂತೇ ಮಾತಾಡಿದ್ದಳು. ತಿಂಗಳ ಕೊನೆಗೆ ಹೊಸ ಕರಾರು. ಯಾವ ಅಂಗಡಿ ಹೇಗೆ ನಡೀತಿದೆ ಅಂತ ನೋಡಿ ತೀರ್ಮಾನ ಮಾಡ್ತೀವಿ ಎಂದು ಹೇಳಿ ಹೋಗಿದ್ದಳು.

ಅತ್ತಿಗೆ ಆ ಮಾತನ್ನು ತನ್ನ ತವರಿನ ಕೊಟ್ಟಿಗೆಯಲ್ಲಿಟ್ಟು ತೂಗಿದಳು. ಹಾಲು ಬತ್ತಿದ ಹಸುವನ್ನು ಯಾರು ಕಟ್ಟಿಕೊಳ್ಳುತ್ತಾರೆ? ಗಿರಾಕಿ ಇಲ್ಲದ ಅಂಗಡಿಯನ್ನು ಬಿಡಿಸುತ್ತಾರೆ. ಅದಕ್ಕೇ ಈ ಎಣಿಕೆ.

ಅವಳಿಗೆ ಅದಕ್ಕಿಂತ ಹೆಚ್ಚು ಚುಚ್ಚುತ್ತಿದ್ದದ್ದು ಪಕ್ಕದ ಕೋಟಿನ ದರ್ಜಿಯ ನಡವಳಿಕೆ. ಎರಡು ಅಂಗಡಿಗಳ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಮಾವನವರೂ ದರ್ಜಿಯ ಅಪ್ಪನೂ ಸೇರಿ ಮಾಡಿಸಿದ್ದು. ಆ ಕಡೆಯಿಂದ ಕೋಟಿನ ಬಟ್ಟೆಯ ಚೂರು ಬರುತ್ತಿತ್ತು, ಈ ಕಡೆಯಿಂದ ಗುಂಡಿ ಹೋಗುತ್ತಿತ್ತು. ಹನ್ನೆರಡು ಗುಂಡಿಗೆ ಒಂದು ಕೊಸರು. ಆ ಕೊಸರು ಗುಂಡಿಯನ್ನು ದರ್ಜಿ ಕೋಟಿನ ಒಳಮಡಿಕೆಯಲ್ಲಿ ಹೊಲಿದು ಕಳಿಸುತ್ತಿದ್ದ. ಎಂದಾದರೂ ಒಂದು ಉದುರಿದರೆ ಅದೇ ಬಟ್ಟೆಯ ಗುಂಡಿ ಬೇರೆಲ್ಲೂ ಸಿಗುವುದಿಲ್ಲವಲ್ಲ. ಅವನ ಕೋಟಿನ ಗುರುತೇ ಅದು. ಕೊಸರಿಗೆ ಬದಲು ಏನು ಎಂದು ಕೇಳಿದರೆ ಮಾವನವರು ನಗುತ್ತಿದ್ದರು: "ಗುಂಡಿ ನಮ್ಮದು, ಸುದ್ದಿ ಅವರದು." ಅಳತೆಗೆ ನಿಂತ ಮನುಷ್ಯ ಸುಮ್ಮನಿರಲಾರ. ದೊಡ್ಡವರ ಬಾಯಿಂದ ಬಿದ್ದದ್ದೆಲ್ಲ ದರ್ಜಿಯ ಕಿವಿಗೆ, ಅಲ್ಲಿಂದ ಕಿಂಡಿಗೆ. ಚರಂಡಿ ಅಗೆಯುವುದು, ಪಕ್ಕದ ಕಟ್ಟಡ ಮಾರಾಟವಾಗುವುದು, ಯಾವುದೂ ಇವರಿಗೆ ತಿಳಿಯದೆ ಆದದ್ದಿಲ್ಲ.

ಟಿಕ್ಕಪ್ಪ ಬಂದ ಮಾರನೆಯ ದಿನವೇ ಕಿಂಡಿ ಆ ಕಡೆಯಿಂದ ಮುಚ್ಚಿತು. ಕೇಳಿದರೆ "ಗಾಳಿ ಬರುತ್ತೆ ತಂಗಿ, ಬೆನ್ನು ಹಿಡ್ಕೊಳ್ಳುತ್ತೆ" ಎಂದ. ಅಷ್ಟು ವರ್ಷದ ಚಳಿಯಲ್ಲಿ ಹಿಡಿಯದ ಬೆನ್ನು.

ಸಂಜೆ ಮೈದುನ ಇನ್ನೊಂದು ಸುದ್ದಿ ತಂದ. "ದರ್ಜಿಯಣ್ಣ ಟಿಕ್ಕಪ್ಪನಿಗೆ ಟೀ ಕುಡಿಸ್ತಿದ್ದ. ದುಡ್ಡು ಅವನೇ ಕೊಟ್ಟ. ನಮ್ಮ ಟೀ ಕುಡಿಯುವಾಗ ಜೇಬು ಹೊಲಿದ ಹಾಗಿರುತ್ತೆ ಅವನದು."

"ಏನು ಮಾತಾಡ್ತಿದ್ರು?"

"ನನ್ನ ನೋಡಿ ಬಾಯಿ ಮುಚ್ಚಿದ್ರು."

ಅತ್ತಿಗೆ ಗೋಡೆ ನೋಡಿದಳು. ಈ ಗೋಡೆ ಕೆಡವಿದರೆ ದರ್ಜಿಯ ಅಂಗಡಿ ಎರಡರಷ್ಟಾಗುತ್ತದೆ. ಅಳತೆ ತೆಗೆಯುವವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

"ನಾಳೆ ನಿನ್ನ ಹೆಂಡತಿನ ಕರ್ಕೊಂಡು ಬಾ. ಅವಳ ಅಮ್ಮ, ತಮ್ಮ, ಯಾರು ಖಾಲಿ ಇದಾರೋ ಎಲ್ಲರನ್ನೂ. ನಾನು ನನ್ನ ತಂಗಿಗೆ ಹೇಳ್ತೀನಿ. ಹಾಲು ಕೊಡೋ ಹಸು ಅಂತ ಅವರ ಕಣ್ಣಿಗೆ ಕಾಣಲಿ."

ಮಾರನೆಯ ದಿನ ಗುಂಡಿ ಅಂಗಡಿಗೆ ಜನವೋ ಜನ. ಮುಂದಿನ ಬಾಗಿಲಿನಿಂದ ಬಂದವರು ಹಿಂದಿನ ಬಾಗಿಲಿನಿಂದ ಗಲ್ಲಿಗಿಳಿದು, ಮೂಲೆ ಸುತ್ತಿ, ಮತ್ತೆ ಮುಂದಿನ ಬಾಗಿಲಿಗೆ ಬರುತ್ತಿದ್ದರು. ಓರಗಿತ್ತಿ ಒಂದು ಸುತ್ತಿಗೆ ತಲೆಗೆ ಸ್ಕಾರ್ಫ್ ಕಟ್ಟಿದರೆ ಇನ್ನೊಂದು ಸುತ್ತಿಗೆ ಕನ್ನಡಕ ಹಾಕುತ್ತಿದ್ದಳು. ಅವಳ ತಮ್ಮ ಮೂರು ಕೋಟು ಬದಲಿಸಿದ. ಓರಗಿತ್ತಿಯ ತಾಯಿ ಮಾತ್ರ ಸ್ವಲ್ಪ ಹೊತ್ತಿಗೆ ಸ್ಟೂಲಿನ ಮೇಲೆ ಕೂತೇಬಿಟ್ಟಳು.

"ಗಾಣದೆತ್ತಿಗೂ ಮಧ್ಯಾಹ್ನ ಬಿಡ್ತಾರಮ್ಮ. ಬೆಳಗಿಂದ ಸುತ್ತಿ ಸುತ್ತಿ ಸಾಕಾಯ್ತು, ಒಂದು ಗುಂಡಿನಾದ್ರೂ ಕೊಟ್ಟಿದೀರಾ?"

ಅತ್ತಿಗೆ ನಕ್ಕು ಒಂದು ಮುತ್ತಿನ ಬಣ್ಣದ ಗುಂಡಿ ಅವಳ ಅಂಗೈಗಿಟ್ಟಳು. ಎದುರಿನ ಕಂಬದ ಬಳಿ ಟಿಕ್ಕಪ್ಪನ ಹೆಬ್ಬೆರಳಿಗೆ ಬಿಡುವಿರಲಿಲ್ಲ.

ಗಲ್ಲಿಯಿಂದ ಬಂದ ಓರಗಿತ್ತಿ ಗುಟ್ಟಾಗಿ ಹೇಳಿದಳು: "ಅಕ್ಕ, ದರ್ಜಿಯ ಹಿಂದಿನ ಬಾಗಿಲಲ್ಲಿ ದೊಡ್ಡ ದೊಡ್ಡ ಮನುಷ್ಯರು ಹೋಗ್ತಿದಾರೆ. ಮುಂದೆ ನೋಡಿದ್ರೆ ಷಟರ್ ಅರ್ಧ ಎಳೆದಿದೆ. ಇದೇನು ವ್ಯಾಪಾರ?"

"ವ್ಯಾಪಾರ ಅಲ್ಲ. ಮಸಲತ್ತು."

ಎರಡು ದಿನ ಕಳೆದ ಮೇಲೆ ದರ್ಜಿ ಬಂದ. ಕತ್ತಿನಲ್ಲಿ ಅಳತೆಯ ಟೇಪು, ಕೈಯಲ್ಲಿ ಕಡುನೀಲಿ ಬಟ್ಟೆಯ ಚೂರು. "ಒಂದು ಡಜನ್ ಬೇಕು ತಂಗಿ, ದೊಡ್ಡ ಗಿರಾಕಿ." ಚೂರು ಕೊಟ್ಟ ಮೇಲೂ ಹೊಸಿಲಲ್ಲೇ ನಿಂತ. ಒಳಗೆ ಕೂತಿದ್ದ ನೆಂಟರನ್ನೆಲ್ಲ ಒಮ್ಮೆ ನೋಡಿದ.

"ಜನ ಜೋರಾಗಿ ಬರ್ತಿದಾರೆ."

"ಬರ್ತಾರೆ. ನಮ್ಮ ಬಾಗಿಲು ಪೂರ್ತಿ ತೆಗೆದಿರುತ್ತೆ."

"ಅಲ್ಲ, ಈ ಬರೋ ಹೋಗೋರ ವಿಷಯ, ಸ್ವಲ್ಪ..."

"ನಮ್ಮ ಜನ ಅಣ್ಣ. ನಿಮಗೇನಾದ್ರೂ ತೊಂದರೆನಾ?"

ಅವನು ಟೇಪಿನ ತುದಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. "ನನಗೇನು ತೊಂದರೆ" ಎಂದು ಹೊರಟುಹೋದ.

"ನೋಡಿದ್ರಾ ಅತ್ತಿಗೆ, ಹೊಟ್ಟೆಕಿಚ್ಚು" ಎಂದ ಮೈದುನ. ಹೊಟ್ಟೆಕಿಚ್ಚಿನ ಮುಖ ಹಾಗಿರುವುದಿಲ್ಲ ಎಂದು ಅತ್ತಿಗೆಗೆ ಒಂದು ಕ್ಷಣ ಅನಿಸಿತು. ಅಷ್ಟರಲ್ಲಿ ತಂಗಿ ಬಾಗಿಲಿಗೆ ಬಂದಳು, ಮಕ್ಕಳನ್ನೂ ಕಟ್ಟಿಕೊಂಡು. ಅನಿಸಿದ್ದು ಅಲ್ಲೇ ಉಳಿಯಿತು.

ತಿಂಗಳ ಕೊನೆಗೆ ಮಾಲೀಕನ ಮಗಳು ಬಂದಳು. ಈ ಸಲ ನಗುತ್ತಾ ಬಂದಳು. ಅತ್ತಿಗೆ ಸ್ಟೂಲು ಒರೆಸಿ ಕೊಟ್ಟಳು.

"ನಾನು ಅಂದ್ಕೊಂಡೇ ಇರಲಿಲ್ಲ" ಎಂದಳು ಅವಳು ಕೂತು. "ಈ ಸಾಲಲ್ಲಿ ಎಲ್ಲರಿಗಿಂತ ಹೆಚ್ಚು ಜನ ಬರೋದು ನಿಮ್ಮಲ್ಲಿಗೇ. ಕಾಫಿಯವರೂ ನಿಮ್ಮ ಹಿಂದೆ."

ಮೈದುನ ಎದೆ ಮುಂದೆ ಮಾಡಿ ನಿಂತ. ಅತ್ತಿಗೆಯ ಮುಖವೂ ಅರಳಿತು. ಅಂಗಡಿ ಉಳಿಯಿತು ಎಂದುಕೊಂಡಳು. ಅವಳ ಮೊಣಕೈ ಯಂತ್ರದ ಹಿಡಿಯ ಮೇಲೆ, ಹಸುವಿನ ಬೆನ್ನ ಮೇಲಿಟ್ಟ ಹಾಗೆ, ಆರಾಮವಾಗಿ ಕೂತಿತ್ತು.

ಮಾಲೀಕನ ಮಗಳು ಹೊಸ ಬಾಡಿಗೆ ಹೇಳಿದಳು. ಈಗಿನದರ ಮೂರರಷ್ಟು.

ಅತ್ತಿಗೆ ಹಿಡಿಯ ಮೇಲಿನ ಮೊಣಕೈ ತೆಗೆದಳು.

"ಯಾಕಮ್ಮ?" ಎಂದಳು ಅತ್ತಿಗೆ.

"ಜಾಗದ ಬೆಲೆ ಇರೋದು ಬರೋ ಜನರಲ್ಲಿ. ಇಡೀ ಸಾಲಿಗೆ ಇಷ್ಟು ಅಂತ ಕಟ್ಟಿದೀವಿ, ಅದನ್ನ ಜನರ ಲೆಕ್ಕದಲ್ಲಿ ಹಂಚಿದೀವಿ. ಹೆಚ್ಚು ಜನ ಬರೋರಿಗೆ ಹೆಚ್ಚು, ಕಡಿಮೆ ಬರೋರಿಗೆ ಕಡಿಮೆ. ನ್ಯಾಯ ಅಲ್ವಾ?"

"ಅವರು ಗಿರಾಕಿಗಳಲ್ಲ, ನಮ್ಮ ನೆಂಟರು" ಎಂದ ಮೈದುನ. ದನಿ ಕೀರಲಾಗಿತ್ತು. "ಅತ್ತಿಗೆಯ ತಂಗಿ, ನನ್ನ ಅತ್ತೆ, ಬಾಮೈದ..."

ಮಾಲೀಕನ ಮಗಳ ನಗು ಹೋಗಲಿಲ್ಲ, ಆದರೆ ಕಣ್ಣು ಕಿರಿದಾಯಿತು. "ಬಾಡಿಗೆ ವಿಷಯ ಬಂದಾಗ ಎಲ್ಲರ ಗಿರಾಕಿಗಳೂ ನೆಂಟರಾಗಿಬಿಡ್ತಾರೆ. ಕಾಫಿಯವರೂ ಹಾಗೇ ಅಂದ್ರು."

"ಪಕ್ಕದವರಿಗೆ?" ಅತ್ತಿಗೆ ಕೇಳಿದಳು.

"ದರ್ಜಿಗಾ? ಪಾಪ, ಅವರ ಬಾಗಿಲಿಗೆ ಜನಾನೇ ಇಲ್ಲ. ಹಳೇದರಲ್ಲೇ ಒಂಚೂರು ಇಳಿಸಿದೀವಿ."

ಅವಳು ಹೋದ ಮೇಲೆ ಅತ್ತಿಗೆ ತುಂಬ ಹೊತ್ತು ಯಂತ್ರದ ಮುಂದೆ ಕೂತಿದ್ದಳು. ಹಾಲು ಕೊಡುವ ಹಸುವನ್ನೇ ಅಲ್ಲವೇ ಹಿಂಡುವುದು. ಕೊಟ್ಟಿಗೆಯಲ್ಲಿ ಹುಟ್ಟಿ ಬೆಳೆದವಳಿಗೆ ಅದು ಹೊಳೆದಿರಲಿಲ್ಲ.

ಆಮೇಲೆ ಎದ್ದು ಕಿಂಡಿಯ ಹಲಗೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿದಳು. ಎರಡನೇ ಸಲ ತಟ್ಟಿದ ಮೇಲೆ ಅದು ಸರಿಯಿತು. ದರ್ಜಿಯ ಮುಖದ ಅರ್ಧ ಕಂಡಿತು.

"ಎಣಿಸೋದು ಯಾಕೆ ಅಂತ ನಿಮಗೆ ಗೊತ್ತಿತ್ತು."

"ಟೀ ಕುಡಿಸಿ ಬಾಯಿ ಬಿಡಿಸಿದೆ. ಅದಕ್ಕೇ ನನ್ನ ಗಿರಾಕಿಗಳನ್ನ ಹಿಂದಿನ ಬಾಗಿಲಿಗೆ ಕರೆಸ್ಕೊಂಡೆ." ಎಂದ ಅವನು. "ನಿನಗೆ ಹೇಳೋಕೆ ಬಂದೆನಲ್ಲ ತಂಗಿ. ನೀನು ಕೇಳಲಿಲ್ಲ."

"ಬಂದ್ರಿ. ಅರ್ಧ ಮಾತಾಡಿ ಹೋದ್ರಿ. ಕಿಂಡಿ ಇತ್ತು, ಅದನ್ನ ಮುಚ್ಚಿಕೊಂಡ್ರಿ. ಇನ್ನೊಂದು ಸಲ ಯಾಕೆ ಬರಲಿಲ್ಲ?"

ಅತ್ತಿಗೆ ಕಾದಳು. ಮೊಳಕೆ ಬರಲಿ ಎಂದು ಮಣ್ಣು ನೋಡುತ್ತಾ ಕೂರುವುದು ಅವಳಿಗೆ ಗೊತ್ತಿತ್ತು.

"ನಿಮ್ಮಲ್ಲಿ ಜನ ಹೆಚ್ಚಿದಷ್ಟೂ ನನ್ನ ಪಾಲು ಇಳೀತಿತ್ತು" ಎಂದ ಕೊನೆಗೆ. "ಮೊದಲನೇ ದಿನ ಹೇಳಬೇಕು ಅಂದ್ಕೊಂಡೆ. ಎರಡನೇ ದಿನ ನಾಳೆ ಹೇಳೋಣ ಅಂದ್ಕೊಂಡೆ. ನನಗೂ ವಯಸ್ಸಾಯ್ತು, ಈ ಅಂಗಡಿ ಬಿಟ್ರೆ ಎಲ್ಲಿಗೆ ಹೋಗಲಿ?"

"ನಾನು ಎಲ್ಲಿಗೆ ಹೋಗಲಿ ಅಂತ ಅಂದ್ಕೊಂಡಿದ್ರಿ?"

"ನನ್ನ ಅಂಗಡೀಲಿ ಒಂದು ಮೂಲೆ ಇದೆ. ಯಂತ್ರ ಅಲ್ಲೇ ಇಟ್ಕೊ. ನಿನ್ನ ಹತ್ತಿರ ಬಾಡಿಗೆ ತಗೋತೀನಾ?"

"ಬಾಡಿಗೆ ಇಲ್ಲದ ಜಾಗಕ್ಕೇ ಜಾಸ್ತಿ ಕೊಡಬೇಕಾಗುತ್ತೆ ಅಣ್ಣ."

ಅವನ ದನಿಯಲ್ಲಿ ಪಶ್ಚಾತ್ತಾಪವೂ ಇತ್ತು. ಪಕ್ಕದಲ್ಲೇ ಒಬ್ಬಳು ಗುಂಡಿಯವಳು ಇದ್ದರೆ ಒಳ್ಳೆಯದು ಎಂಬ ಲೆಕ್ಕವೂ ಇತ್ತೋ ಏನೋ. ಯಾವುದು ಎಷ್ಟು ಎಂದು ಅರ್ಧ ಮುಖ ನೋಡಿ ಹೇಳಲಾಗುತ್ತಿರಲಿಲ್ಲ. ಪೂರ್ತಿ ಮುಖ ಕಂಡಿದ್ದರೂ ಹೇಳಲಾಗುತ್ತಿರಲಿಲ್ಲ.

ಮುಂದಿನ ವಾರ ಅಂಗಡಿ ಖಾಲಿ ಮಾಡುವುದೆಂದಾಯಿತು. ಯಂತ್ರ ಓರಗಿತ್ತಿಯ ಮನೆಯ ಹೊರಕೋಣೆಗೆ ಹೋಗುವುದು. ಗಿರಾಕಿಗಳು ಅಲ್ಲಿಗೆ ಬಂದರೆ ಬಂದರು. ಮೈದುನ ಖಾನೆಗಳಿಂದ ಗುಂಡಿಗಳನ್ನು ಡಬ್ಬಿಗಳಿಗೆ ಸುರಿಯುತ್ತಿದ್ದ. ಮಳೆ ಬಿದ್ದ ಹಾಗೆ ಸದ್ದಾಗುತ್ತಿತ್ತು. ಎದುರಿನ ಕಂಬದ ಬಳಿ ಯಾರೂ ಇರಲಿಲ್ಲ.

ಅತ್ತಿಗೆ ಕೊನೆಯದಾಗಿ ಆ ಕಡುನೀಲಿ ಚೂರನ್ನು ಎತ್ತಿಕೊಂಡಳು. ಒಪ್ಪಿದ ಕೆಲಸ, ಮುಗಿಸಬೇಕು. ಒಂದೊಂದನ್ನೂ ಹೊದಿಸಿ, ಒತ್ತಿ, ಬೆಳಕಿಗೆ ಹಿಡಿದು ನೋಡಿ ಇಟ್ಟಳು. ಅಭ್ಯಾಸದಂತೆ ಹದಿಮೂರು ಮಾಡಿದಳು. ಚೂರು ಅಲ್ಲಿಗೆ ಮುಗಿಯಿತು.

ಕಿಂಡಿ ತಟ್ಟಿದಳು. ಆ ಕಡೆಯಿಂದ ಅಂಗೈ ಬಂತು, ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು. ಅವಳು ಒಂದೊಂದಾಗಿ ಹನ್ನೆರಡು ಗುಂಡಿಗಳನ್ನು ಅದರ ಮೇಲಿಟ್ಟಳು. ಅಂಗೈ ಮುಚ್ಚಲಿಲ್ಲ. ಕಾಯುತ್ತಿತ್ತು.

"ಅಷ್ಟೇ" ಎಂದಳು ಅತ್ತಿಗೆ.

"ತಂಗಿ, ಒಳಗೆ ಹೊಲಿಯೋದಕ್ಕೆ..."

"ಸುದ್ದಿ ಬರಲಿಲ್ಲವಲ್ಲ ಅಣ್ಣ."

ಅಂಗೈ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಬೆರಳುಗಳು ಮಡಿಚಿಕೊಂಡು ಹಿಂದಕ್ಕೆ ಹೋದವು. ಅವಳು ಹದಿಮೂರನೆಯದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಯಂತ್ರದ ಕಾಲಿನ ತಿರುಪುಗಳನ್ನು ಸಡಿಲಿಸಲು ಮೈದುನನನ್ನು ಕರೆದಳು.