ಲೋಳೆ ಬಿಡಿಸುವ ಯಂತ್ರ

2023ರ ನವೆಂಬರ್ 18, ಶನಿವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ. ಕಳಸದಿಂದ ಬಂದ ಬಾಡಿಗೆ ಜೀಪು ನಂಜಮ್ಮನವರ ಎಸ್ಟೇಟಿನ ಕಣದಲ್ಲಿ ನಿಂತಾಗ ಮೇಘಶ್ರೀ ಗಡಿಯಾರ ನೋಡಿಕೊಂಡಳು. ತಿಂಗಳುಗಳಿಂದ ಕಾಯುತ್ತಿದ್ದ ಗಳಿಗೆ ಅದು.

ವೇಗವಾಗಿ ತಿರುಗುವ ವಸ್ತುಗಳನ್ನು ನಡುಗದಂತೆ ತಿರುಗಿಸುವುದು ಅವಳ ವಿದ್ಯೆ. ಅದನ್ನು ಅವಳಷ್ಟು ಬಲ್ಲವರು ದೇಶದಲ್ಲಿ ಬೆರಳೆಣಿಕೆಯ ಮಂದಿ. ಆಗಸ್ಟಿನಲ್ಲಿ ಅವಳಿದ್ದ ಪ್ರಯೋಗಾಲಯದ ಯೋಜನೆ ಮುಗಿದು ಬಾಗಿಲಿಗೆ ಬೀಗ ಬಿತ್ತು. ಅಲ್ಲಿನ ಸಹೋದ್ಯೋಗಿ ರಾಜೀವ್ ಮೈಸೂರು ಸೇರಿದ. ಇವಳು ಸೋದರತ್ತೆ ನಂಜಮ್ಮನ ತೋಟಕ್ಕೆ ಬಂದಳು. ಆಮೇಲೆ ಅವಳ ವಿದ್ಯೆಯನ್ನು ಕೇಳಿಕೊಂಡು ಬಂದವರು ಇಬ್ಬರೇ. ಮೊದಲನೆಯವರು ಅತ್ತೆ: ಮನೆಗೆ ಕರೆಂಟು ಕೊಡುವ ಹಳ್ಳದ ಟರ್ಬೈನು ಯಾಕೆ ಹೀಗೆ ಗಡಗಡ ಅನ್ನುತ್ತೆ, ಸ್ವಲ್ಪ ನೋಡು ಎಂದಿದ್ದರು. ಮೇಘಶ್ರೀ ಅಳತೆಯ ಉಪಕರಣ ಹಿಡಿದು ನೋಡಿದ್ದಳು. ಕಂಪನ ಸೆಕೆಂಡಿಗೆ 14 ಮಿಲಿಮೀಟರ್, ಎರಡರೊಳಗೆ ಇರಬೇಕಾದದ್ದು. ಬೇರಿಂಗು ಬದಲಾಯಿಸಿ ಎಂದು ಹೇಳಿ ಎದ್ದು ಬಂದಿದ್ದಳು. ಇದೂ ಒಂದು ಕೆಲಸವೇ ಎಂಬ ತಾತ್ಸಾರ ಮನಸ್ಸಿನಲ್ಲಿತ್ತು.

ಎರಡನೆಯವರು ಈಗ ಜೀಪಿನಿಂದ ಇಳಿಯುತ್ತಿದ್ದ ವಿಶ್ವನಾಥ್. ಕೊಟ್ಟಿಗೆಹಾರದ ನೀರ್‌ದೋಸೆಯನ್ನು ಹೊಗಳುತ್ತಲೇ ಜಗುಲಿ ಹತ್ತಿದ ಅವರು ಲ್ಯಾಪ್‌ಟಾಪ್ ತೆರೆದು ಹೊರದೇಶದ ಒಂದು ಪ್ರಯೋಗಾಲಯದ ಚಿತ್ರಗಳನ್ನು ತೋರಿಸಿದರು. ಅವರ ಕಂಪನಿ ಕಾಫಿ ಬೀಜದ ಲೋಳೆಯನ್ನು ತಿರುಗಿಸಿಯೇ ಬಿಡಿಸುವ ಯಂತ್ರ ಮಾಡುತ್ತಿದೆಯಂತೆ. ತೆಳ್ಳನೆಯ ಉದ್ದ ಕೊಳವೆ, ಸೆಕೆಂಡಿಗೆ ಸಾವಿರ ಸುತ್ತು. ನಡುಕ ನಿಲ್ಲುತ್ತಿಲ್ಲವಂತೆ. ರಾಜೀವ್ ಆಗಲೇ ಸಹಿ ಹಾಕಿಯಾಗಿದೆ, ಸೋಮವಾರ ಅವನ ವಿಮಾನ ಎಂದೂ ಸೇರಿಸಿದರು.

ವಾರದ ಹಿಂದೆಯೇ ಫೋನಿನಲ್ಲಿ ಈ ವೇಗವನ್ನು ಕೇಳಿದ್ದಳು ಮೇಘಶ್ರೀ. ಹಸಿದವರು ಎಲೆಯ ಮೇಲಿನ ಅನ್ನವನ್ನು ನೋಡುವ ಹಾಗೆ ಆ ಚಿತ್ರಗಳನ್ನು ನೋಡಿದಳು. ಒಳಗೆಲ್ಲೋ ಒಂದು ಪ್ರಶ್ನೆ ಏಳುತ್ತಿತ್ತು. ಅದನ್ನು ಅದುಮಿ ಕೂರಿಸಿದಳು. ಊಟವಾಯಿತು, ಮಾತಾಯಿತು. ಕೊನೆಗೆ ಕರಾರು ಪತ್ರ ಮುಂದಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆಯುವಾಗ ಅತ್ತೆ ಅಂಗಳದಿಂದ ಕರೆದರು.

"ಸಹಿ ಎಲ್ಲಿಗೂ ಓಡಿಹೋಗಲ್ಲ ಕಣೆ. ಮೊದ್ಲು ಅವ್ರನ್ನ ಕರ್ಕೊಂಡು ಬಾ, ಹಣ್ಣು ಹಾಕ್ಲಿ."

ಹಂಗಾಮಿನ ಮೊದಲ ಪಲ್ಪಿಂಗ್ ದಿನ ಮನೆಗೆ ಬಂದ ನೆಂಟರು ಯಾರೇ ಇರಲಿ, ಮೊದಲ ಬೊಗಸೆ ಹಣ್ಣು ಅವರ ಕೈಯಿಂದಲೇ ಬೀಳಬೇಕು. ಅದು ಆ ಮನೆಯ ಪದ್ಧತಿ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿಗೆ ಕುಂಕುಮ ಹಚ್ಚಿ ಕಾಯಿ ಒಡೆದಾಗಿತ್ತು. ವಿಶ್ವನಾಥ್ ಕೋಟಿನ ತೋಳು ಮಡಚಿ ಕೆಂಪು ಹಣ್ಣು ಸುರಿದರು. ಯಂತ್ರ ಸಿಪ್ಪೆಯನ್ನು ಒಂದು ಕಡೆ ಉಗುಳಿ ಬೀಜವನ್ನು ಇನ್ನೊಂದು ಕಡೆ ತಳ್ಳಿತು. ಅವರು ಒಂದು ಬೀಜ ಎತ್ತಿಕೊಂಡರು. ಅದು ಬೆರಳಿಂದ ಜಾರಿತು. ಇನ್ನೊಂದನ್ನು ಹಿಡಿದು, ಮುಖ ಕಿವುಚಿ, ಕರವಸ್ತ್ರಕ್ಕೆ ಕೈ ಒರೆಸಿಕೊಂಡರು.

"ಇದೇನಮ್ಮ ಹೀಗೆ ಅಂಟುತ್ತೆ? ಹಣ್ಣು ಕೊಳೆತಿದ್ಯಾ?"

ನಂಜಮ್ಮ ನಕ್ಕರು. "ಅದೇ ಲೋಳೆ ಮಾರಾಯ್ರೆ. ನಿಮ್ ಮಷೀನು ಬಿಡಿಸೋದು ಇದನ್ನೇ ಅಲ್ವಾ?"

ವಿಶ್ವನಾಥ್ ಕೂಡ ನಕ್ಕರು, ಒಂದು ಕ್ಷಣ ತಡವಾಗಿ. ಆ ಒಂದು ಕ್ಷಣದಲ್ಲಿ ಮೇಘಶ್ರೀ ಅದುಮಿಟ್ಟಿದ್ದ ಪ್ರಶ್ನೆ ಎದ್ದು ನಿಂತಿತು. ಚಿಕ್ಕಂದಿನಲ್ಲಿ ಪಲ್ಪರಿನ ಪಕ್ಕದ ಈ ತೊಟ್ಟಿಯಲ್ಲಿ ಲಂಗ ಎತ್ತಿ ಕಟ್ಟಿ ಬೀಜ ತುಳಿದು ತೊಳೆದವಳು ಅವಳು. ಒಂದು ರಾತ್ರಿ ತೊಟ್ಟಿಯಲ್ಲಿ ಹುಳಿಬಂದರೆ ಸಾಕು, ಲೋಳೆ ತಾನಾಗಿ ಬಿಡುತ್ತದೆಂದು ಅವಳಿಗೆ ಗೊತ್ತಿರಲಿಲ್ಲವೇ?

"ಅತ್ತೆ, ಈ ಬೀಜನ ಸೆಕೆಂಡಿಗೆ ಸಾವಿರ ಸುತ್ತು ತಿರುಗಿಸಿದ್ರೆ ಏನಾಗುತ್ತೆ?"

"ಕಾಫಿ ಎಲ್ಲಿ ಬರುತ್ತೆ? ವಿಭೂತಿ ಬರುತ್ತೆ."

ಅಂಥ ಕೊಳವೆಯನ್ನು ಅಷ್ಟು ವೇಗವಾಗಿ ತಿರುಗಿಸಬೇಕಾದ ಕೆಲಸ ಅವಳಿಗೆ ತಿಳಿದಂತೆ ಒಂದೇ: ಯುರೇನಿಯಮ್ಮಿನ ಹಗುರ ಪರಮಾಣುಗಳನ್ನು ಭಾರದವುಗಳಿಂದ ಬೇರ್ಪಡಿಸುವುದು. ಅದರಿಂದ ಊರಿಗೆ ಬೆಳಕೂ ಆದೀತು, ಬಾಂಬೂ ಆದೀತು. ಬೆಳಕು ಮಾಡುವವರಿಗೆ ಕಾಫಿಯ ಹೆಸರು ಹೇಳಿಕೊಂಡು ಬರುವ ಅಗತ್ಯವಿಲ್ಲ.

ಅವಳು ಕೈಯಲ್ಲೇ ಉಳಿದಿದ್ದ ಪೆನ್ನಿನ ಮುಚ್ಚಳ ಹಾಕಿದಳು. "ನನ್ನಿಂದ ಆಗಲ್ಲ. ಈ ಯಂತ್ರ ಕಾಫಿದಲ್ಲ. ಅದು ನಿಮ್ಗೂ ಗೊತ್ತು."

ವಿಶ್ವನಾಥ್ ವಾದಿಸಲಿಲ್ಲ. ನೀವಲ್ಲದಿದ್ದರೆ ರಾಜೀವ್ ಇದ್ದಾರಲ್ಲ ಎಂದಷ್ಟೇ ಹೇಳಿ ಜೀಪು ಹತ್ತಿದರು.

ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲ. ತೋಟದ ನೆತ್ತಿಯ ಬಂಡೆಯೊಂದರ ಮೇಲೆ ನಿಂತರೆ ಮಾತ್ರ ಫೋನಿಗೆ ಜೀವ ಬರುತ್ತದೆ. ಎಲ್ಲರೂ ಅದನ್ನು ನೆಟ್‌ವರ್ಕ್ ಕಲ್ಲು ಎನ್ನುತ್ತಾರೆ. ಮೇಘಶ್ರೀ ಏದುಸಿರು ಬಿಡುತ್ತ ಅಲ್ಲಿಗೆ ಹತ್ತಿದಳು. ಫೋನ್ ಎತ್ತಿದ ರಾಜೀವ್ ಮೈಸೂರಿನಲ್ಲಿ ಸೂಟ್‌ಕೇಸ್ ತುಂಬುತ್ತಿದ್ದ. ಹಾಲಿನ ಕೆನೆ ತೆಗೆಯುವ ಯಂತ್ರವಂತೆ, ಒಳ್ಳೆಯ ಕೆಲಸ ಎಂದ.

"ನಂಗೆ ಕಾಫಿ ಲೋಳೆ ಅಂದ್ರು. ನಿಂಗೆ ಎಷ್ಟು ಸುತ್ತು ಹೇಳಿದ್ರು?"

"ಸೆಕೆಂಡಿಗೆ ಸಾವಿರ." ಹೇಳಿ ಮುಗಿಸುವಷ್ಟರಲ್ಲಿ ಅವನ ದನಿ ಇಳಿಯಿತು.

"ಹಾಲಿಗೂ ಕಾಫಿಗೂ ಒಂದೇ ಕೊಳವೆ, ಒಂದೇ ವೇಗ. ಕೆನೆ ತೆಗೆಯೋಕೆ ಅಷ್ಟು ಬೇಕೇನೋ?"

ಆ ಕಡೆ ಸೂಟ್‌ಕೇಸಿನ ಮುಚ್ಚಳ ಧಡ್ಡನೆ ಮುಚ್ಚಿದ ಸದ್ದು ಕೇಳಿತು. ಆಮೇಲೆ, "ಹೋಗಲ್ಲ ಬಿಡು," ಎಂದ. "ಆದ್ರೆ ಕಲಿತಿದ್ದನ್ನ ಏನ್ ಮಾಡೋಣ ಮೇಘಾ? ಅವ್ರಲ್ದೆ ನಮ್ಮನ್ನ ಯಾರೂ ಕೇಳ್ಲೇ ಇಲ್ವಲ್ಲ."

ಕೆಳಗೆ ಹಳ್ಳದ ಟರ್ಬೈನು ಗಡಗಡಿಸುವುದು ಬಂಡೆಯವರೆಗೂ ಕೇಳುತ್ತಿತ್ತು. ಕಳಸದ ಸುತ್ತ ಇಂಥವು ಎಷ್ಟೋ ಇದ್ದವು. ಅಳ್ಳಾಡಿ ಬೇರಿಂಗು ಕಿತ್ತು, ತುಕ್ಕು ಹಿಡಿದು ಬಿದ್ದವೇ ಹೆಚ್ಚು.

"ನಮ್ಮತ್ತೆ ಕೇಳಿದ್ರು ಕಣೋ. ನಾನೇ ಕಿವಿಗೆ ಹಾಕ್ಕೊಂಡಿರ್ಲಿಲ್ಲ. ನೀನಿಲ್ಲಿಗೆ ಬಾ."

ಅಲ್ಲೇ ನಿಂತು ತನ್ನ ಹಳೆಯ ಮಾರ್ಗದರ್ಶಕರಿಗೂ ಫೋನ್ ಮಾಡಿದಳು. ಇಂಥ ವಿದ್ಯೆ ದೇಶದ ಹೊರಗೆ ಹೋಗದಂತೆ ಕಾವಲಿರುವ ಅಧಿಕಾರಿಗಳಿಗೆ ಅವರು ಆ ಸಂಜೆಯೇ ತಿಳಿಸಿದರು. ಬುಧವಾರ ಅವರಲ್ಲಿ ಇಬ್ಬರು ಕಳಸಕ್ಕೆ ಬಂದು ಅವಳ ಹೇಳಿಕೆ ಪಡೆದರು. ಹಳೆಯ ತಂಡದ ಇನ್ನೂ ಮೂವರ ಮನೆಗೆ ಬೇರೆ ಬೇರೆ ಯಂತ್ರದ ಹೆಸರು ಹೇಳಿಕೊಂಡು ಅದೇ ಮನುಷ್ಯ ಹೋಗಿದ್ದ. ಯಾರೊಬ್ಬರೂ ವಿಮಾನ ಹತ್ತಲಿಲ್ಲ. ತಿಂಗಳು ಕಳೆಯುವುದರೊಳಗೆ ಆ ಕಂಪನಿಯ ಕಚೇರಿಗೆ ಬೀಗಮುದ್ರೆ ಬಿತ್ತು. ಸುದ್ದಿ ಕೇಳಿದ ನಂಜಮ್ಮ, ಹಣ್ಣು ಹಾಕಿಸಿದ್ದು ಸಾರ್ಥಕವಾಯ್ತು ಎಂದು ಎಲ್ಲರಿಗೂ ಪಾಯಸ ಬಡಿಸಿದರು.

ಅಷ್ಟರಲ್ಲಿ ರಾಜೀವ್ ಬಸ್ಸಿನಲ್ಲಿ ಬಂದಿಳಿದಿದ್ದ. ಇಬ್ಬರೂ ಸೇರಿ ಟರ್ಬೈನಿನ ಚಕ್ರ ಬಿಚ್ಚಿ, ಒಂದು ಕಡೆ ಚೂರು ತೂಕ ಸೇರಿಸಿ, ಇನ್ನೊಂದು ಕಡೆ ಅರ ಹಿಡಿದು ಉಜ್ಜಿ, ಮತ್ತೆ ಮತ್ತೆ ತಿರುಗಿಸಿ ನೋಡಿದರು. ಪ್ರಯೋಗಾಲಯದಲ್ಲಿ ಪಟ್ಟ ಶ್ರಮಕ್ಕಿಂತ ಕಡಿಮೆಯದೇನಲ್ಲ ಅದು. ಅಕ್ಕಪಕ್ಕದ ತೋಟದವರು ಆಗಲೇ ತಮ್ಮ ತುಕ್ಕು ಹಿಡಿದ ಚಕ್ರಗಳನ್ನು ಜೀಪಿನಲ್ಲಿ ಹೇರಿ ತಂದು ಅಂಗಳದಲ್ಲಿ ಸಾಲಾಗಿ ಇಟ್ಟಿದ್ದರು.

ಡಿಸೆಂಬರ್ 30ರಂದು ತೂಬು ಎತ್ತಿದರು. ನೀರು ನುಗ್ಗಿತು, ಪಲ್ಪರ್ ಮನೆಯ ದೀಪಗಳು ಮಿನುಗದೆ ಹೊತ್ತಿಕೊಂಡವು. ಟರ್ಬೈನು ತಿರುಗುತ್ತಿದೆಯೋ ಇಲ್ಲವೋ ಎಂದು ನಂಜಮ್ಮ ಬಗ್ಗಿ ನೋಡಬೇಕಾಯಿತು. ಹಳ್ಳದ ನೀರಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮೇಘಶ್ರೀ ಬೇರಿಂಗಿನ ಮೇಲೆ ಉಪಕರಣ ಇಟ್ಟು, ಅಂಕಿ ನಿಲ್ಲುವವರೆಗೆ ಕಾದು, ಗಟ್ಟಿಯಾಗಿ ಓದಿದಳು. ಕಂಪನ, ಸೆಕೆಂಡಿಗೆ 0.6 ಮಿಲಿಮೀಟರ್.