ಹಸೆಗೆ ಕರೆದ ಹೆಸರು

ನಮ್ಮ ಕಡೆ ಮದುಮಗಳು ತಾನಾಗಿ ಎದ್ದು ಹಸೆಮಣೆಗೆ ಹೋಗುವುದಿಲ್ಲ. ಹಾಡುವವರು ಅವಳ ಹೆಸರು ಹಿಡಿದು ಕರೆಯಬೇಕು, ಆಮೇಲೆ ಅವಳು ಏಳಬೇಕು. ಕರೆದವಳಿಗೆ ಆ ಮನೆಯವರು ಉಡಿ ತುಂಬಬೇಕು: ಒಂದು ಸೇರು ಅಕ್ಕಿ, ಒಂದು ತೆಂಗಿನಕಾಯಿ, ಒಂದು ಕುಪ್ಪಸದ ಕಣ. ಉಡಿ ತುಂಬದೆ ಕಳಿಸಿದರೆ ಕರೆದದ್ದು ಅರ್ಧಕ್ಕೇ ನಿಂತ ಹಾಗೆ ಎಂದು ಹಿರಿಯರು ಹೇಳುತ್ತಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಶಿಕಾರಿಪುರದ ವೀರಬಸಪ್ಪನವರು ಇದು ಗೊತ್ತಿದ್ದೂ ಮರೆತಿದ್ದರು.

ಹಾಗೆ ಕರೆಯುವವಳು ನನ್ನ ಓರಗಿತ್ತಿ ಶೇಷಕ್ಕ. ಅವಳು ಹಾಡಿದ ಸಾಲನ್ನು ಹಿಂದಿನಿಂದ ಎತ್ತಿಕೊಳ್ಳುವವಳು ನಾನು, ಈಶ್ವರಮ್ಮ. ಗುಡವಿ ಕೆರೆಯ ಆಚೆಯ ನಮ್ಮೂರಿನಿಂದ ಸೊರಬದ ತನಕ, ಆ ಕಡೆ ತೊಗರ್ಸಿಯ ತನಕ, ಎಲ್ಲಿ ಮದುವೆ ಗೊತ್ತಾದರೂ ನಮ್ಮ ಮನೆಗೆ ಎಲೆ ಅಡಿಕೆ ಬರುತ್ತಿತ್ತು. ಶೇಷಕ್ಕನಿಗೆ ಉಡಿಯ ಅಕ್ಕಿಗಿಂತ ಕರೆಯಲು ಬರುವ ಜನ ಮುಖ್ಯ. ಅಂಗಳದಲ್ಲಿ ಯಾರಾದರೂ ಚಪ್ಪಲಿ ಬಿಟ್ಟ ಸದ್ದಾದರೆ ಸಾಕು, "ಹುಡುಗಿ ಹೆಸರೇನು?" ಎಂದು ಒಳಗಿನಿಂದಲೇ ಕೇಳುತ್ತಿದ್ದಳು.

ತೊಂಬತ್ತಮೂರರ ಬೇಸಿಗೆಯಲ್ಲಿ ವೀರಬಸಪ್ಪನವರು ಬಂದರು. ಶಿಕಾರಿಪುರದ ಬಸ್ ನಿಲ್ದಾಣದ ಹತ್ತಿರ ಅವರದು ರೇಡಿಯೋ, ಕ್ಯಾಸೆಟ್ಟಿನ ಅಂಗಡಿ. ನಿಮ್ಮ ಹಾಡುಗಳನ್ನು ಕ್ಯಾಸೆಟ್ ಮಾಡುತ್ತೇನೆ, ಶೇಷಮ್ಮನಿಗೆ ಮುನ್ನೂರು ರೂಪಾಯಿ ಮತ್ತು ಒಂದು ಸೀರೆ ಎಂದರು. ನನಗೆ ಐವತ್ತು. ಅವರ ಮನೆಯ ಹಿಂದಿನ ಕೋಣೆಯಲ್ಲಿ ಕಿಟಕಿಗೆ ಕೌದಿ ಕಟ್ಟಿ, ಫ್ಯಾನ್ ಆರಿಸಿ ಕೂರಿಸಿದರು. ಬೆವರು ಸುರಿಸುತ್ತ ಹನ್ನೊಂದು ಹಾಡು ಮುಗಿಸಿದೆವು. ಹಸೆಗೆ ಕರೆಯುವ ಹಾಡಿಗೆ ಬಂದಾಗ ಶೇಷಕ್ಕ ನಿಂತುಬಿಟ್ಟಳು.

"ಹೆಸರಿಲ್ದೆ ಹ್ಯಾಂಗೆ ಕರೀಲಿ? ನಾಲಿಗೆ ಹೊರಳದಿಲ್ಲ."

"ಯಾವ್ದಾರ ಒಂದು ಹೆಸರು ಹಾಕ್ರಿ," ಎಂದರು ವೀರಬಸಪ್ಪ.

ಅಷ್ಟರಲ್ಲಿ ಅವರ ಮಗಳು ಮಜ್ಜಿಗೆ ತಂದಳು. ಪಿಯುಸಿ ಮುಗಿಸಿದ್ದ, ನಗುಮುಖದ ಹುಡುಗಿ. "ನಿನ್ನ ಹೆಸರೇನವ್ವಾ?" ಎಂದು ಕೇಳಿದ ಶೇಷಕ್ಕ, ಕುಡಿದ ಲೋಟ ಕೆಳಗಿಟ್ಟು, "ಹಸೆಗೆ ಏಳವ್ವ ಗಂಗಾಶ್ರೀ" ಎಂದು ಎತ್ತಿಕೊಂಡಳು. ಮಗಳ ಹೆಸರು ಕ್ಯಾಸೆಟ್ಟಿನಲ್ಲಿ ಬಂತೆಂದು ವೀರಬಸಪ್ಪನವರು ಹಿಗ್ಗಿಹೋದರು. ಉಡಿಯ ಮಾತು ಅವರ್ಯಾರಿಗೂ ನೆನಪಾಗಲಿಲ್ಲ. ನನಗೆ ನೆನಪಾಯಿತು, ಆದರೆ ಐವತ್ತರ ನೋಟು ಕೈಯಲ್ಲಿತ್ತು, ಬಾಯಿ ಮುಚ್ಚಿಕೊಂಡೆ.

ಕ್ಯಾಸೆಟ್ ಬಂತು. ಮೇಲೆ ಯಾರೋ ನಮಗೆ ಗೊತ್ತಿಲ್ಲದ ಮದುಮಗಳ ಚಿತ್ರ, ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ 'ಶೇಷಮ್ಮ ಮತ್ತು ಸಂಗಡಿಗರು'. ಆ ಸಂಗಡಿಗರು ನಾನೊಬ್ಬಳೇ. ಬೆಲೆ ಇಪ್ಪತ್ತೆರಡು ರೂಪಾಯಿ. ಮುಂದಿನ ವರ್ಷ ಎಲ್ಲ ಚಪ್ಪರದ ಮೈಕಿನಲ್ಲೂ ಶೇಷಕ್ಕನ ದನಿಯೇ, ಆದರೆ ನಮ್ಮನ್ನು ಕರೆದವರು ಮೂರೇ ಮನೆಯವರು. ಅದರ ಮುಂದಿನ ವರ್ಷ ಅದೂ ಇಲ್ಲ. ನಮ್ಮ ಬೀದಿಯ ನಾಗರಾಜಪ್ಪನ ಮಗಳು ನಯನಳ ಮದುವೆಯಲ್ಲಿ ನಾವು ಬರೀ ನೆಂಟರ ಹಾಗೆ ಕೂತಿದ್ದೆವು. ಮೈಕಿನಲ್ಲಿ ನಾವೇ "ಗಂಗಾಶ್ರೀ" ಎಂದು ಕರೆದೆವು, ನಯನ ಎದ್ದು ಹಸೆಗೆ ಹೋದಳು. ಯಾರಿಗೂ ಏನೂ ಅನ್ನಿಸಲಿಲ್ಲ. ಶೇಷಕ್ಕ ಊಟಕ್ಕೆ ನಿಲ್ಲದೆ ಮನೆಗೆ ಬಂದು ಮಲಗಿದಳು. ನನಗೆ ಸಿಟ್ಟು ನೆತ್ತಿಗೇರಿತು.

ಮರುದಿನವೇ ಶಿಕಾರಿಪುರದ ಬಸ್ಸು ಹತ್ತಿ ಕೇಳಲು ಹೋದೆ. ಎಷ್ಟು ಮಾರಿದ್ದೀರಿ, ಅದರಲ್ಲಿ ಅಕ್ಕನಿಗೆ ಏನೂ ಇಲ್ಲವೇ ಎಂದೆ.

"ಎಲ್ಲಿ ಹೋಗ್ತೈತ್ರಿ, ಮೂಲ್ಯಾಗೆ ಬಿದ್ದೈತಿ. ನೂರು ಹೋಗಿದ್ರೆ ಹೆಚ್ಚು," ಎಂದರು ವೀರಬಸಪ್ಪ. ಅವರು ಹಾಗೆನ್ನುತ್ತಿರುವಾಗಲೇ ನನ್ನ ಪಕ್ಕದಲ್ಲಿ ನಿಂತಿದ್ದವರೊಬ್ಬರು ಅದನ್ನೇ ಎರಡು ಕೊಂಡುಹೋದರು.

ತೊಂಬತ್ತಾರರ ಫೆಬ್ರುವರಿಯಲ್ಲಿ ವೀರಬಸಪ್ಪನವರೇ ನಮ್ಮ ಮನೆಗೆ ಬಂದರು, ಜೊತೆಗೆ ಹೆಂಡತಿ ಶಕುಂತಲಮ್ಮ. ಗಂಗಾಶ್ರೀಗೆ ಬಂದ ಮೂರು ಸಂಬಂಧ ಮುರಿದುಬಿದ್ದಿದ್ದವು. ಅದಕ್ಕೆ ಶಕುಂತಲಮ್ಮ ಒಂದು ಕಾರಣ ಕಂಡುಕೊಂಡಿದ್ದರು.

"ನನ್ನ ಮಗಳನ್ನ ಊರೂರಾಗೆ ಹಸೆಗೆ ಕರದಾರ, ಒಂದು ಕಡೀನೂ ಉಡಿ ತುಂಬಿಲ್ಲ. ಎಲ್ಲಾ ಅರ್ಧಕ್ಕೇ ನಿಂತೈತಿ. ಆ ಹೆಸರು ತೆಗೆದು ಹೊಸದಾಗಿ ಹಾಡಿಕೊಡ್ರಿ ಶೇಷಮ್ಮಾ," ಎಂದು ಅತ್ತೇಬಿಟ್ಟರು.

ಅಳುವ ತಾಯಿಯ ಮುಂದೆ ಲೆಕ್ಕ ಮಾತಾಡಬಾರದು. ನಾನು ಮಾತಾಡಿದೆ.

"ಹಂಗಾರೆ ಕರೆದಿದ್ದಕ್ಕೆಲ್ಲ ಉಡಿ ತುಂಬ್ರಿ. ಅಕ್ಕಿ ಬ್ಯಾಡ, ಕಣ ಬ್ಯಾಡ. ಒಂದು ಕ್ಯಾಸೆಟ್ಟಿಗೆ ಒಂದು ಕಾಯಿ ಕೊಡ್ರಿ ಸಾಕು."

"ಆತು, ನೂರು ಕಾಯಿ ಕಳಿಸ್ತೀನಿ," ಎಂದರು ವೀರಬಸಪ್ಪ.

ಶಕುಂತಲಮ್ಮ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದರು. "ಮಗಳ ವಿಷಯದಾಗೂ ಸುಳ್ಳು ಹೇಳ್ತೀರೇನ್ರೀ? ಒಂದು ಕಾಯಿ ಕಡಿಮೆಯಾದ್ರೂ ಅದು ಅವಳ ಮ್ಯಾಲೆ ಉಳಿತೈತಿ. ಸಾವಿರದ ಎಂಟುನೂರ ನಲವತ್ತು. ನಾನೇ ಅಂಗಡಿ ಲೆಕ್ಕದ ಪುಸ್ತಕ ತೆಗೆದು ನೋಡೀನಿ."

ನಾನು ಅಂಗಡಿಯ ಮುಂದೆ ನಿಂತು ಎಷ್ಟು ಗುದ್ದಾಡಿದರೂ ಹೊರಗೆ ಬರದ ಸಂಖ್ಯೆ ಹೀಗೆ ನಮ್ಮ ಜಗುಲಿಗೆ ತಾನಾಗಿ ಬಂತು. ವೀರಬಸಪ್ಪನವರು ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡರು. ವಾರದೊಳಗೆ ಟೆಂಪೋ ಬಂತು. ಕಾಯಿ ಹಿತ್ತಿಲು ತುಂಬಿ ಕೊಟ್ಟಿಗೆಗೂ ನುಗ್ಗಿದವು. ಎಮ್ಮೆ ಎಲ್ಲಿ ಕಟ್ಟಲಿ ಎಂದು ಶೇಷಕ್ಕನ ಗಂಡ ರಾಜಪ್ಪ ಭಾವ ಕೂಗಾಡಿದರು. ಗೆದ್ದೆನೆಂದು ನಾನು ಬೀಗುತ್ತ ಓಡಾಡಿದೆ. ಶೇಷಕ್ಕ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಕೆಳಗಿಟ್ಟಳು.

"ಕೊಟ್ರು ಕಣೇ ಈಶ್ವರಿ. ಆದ್ರೆ ಕರೆಯೋಕೆ ಯಾರೂ ಬರ್ಲಿಲ್ಲ ನೋಡು."

ಅವಳ ಮಾತು ನನಗೆ ಹಿಡಿಸಲಿಲ್ಲ. ಇಷ್ಟು ಮಾಡಿದರೂ ಈ ಹೆಂಗಸಿಗೆ ಸಮಾಧಾನವಿಲ್ಲವಲ್ಲ ಎಂದುಕೊಂಡೆ.

ಹೊಸದಾಗಿ ಹಾಡಲು ಹೋದೆವು. ಅದೇ ಕೋಣೆ, ಅದೇ ಕೌದಿ. "ಹಸೆಗೆ ಏಳವ್ವ" ಎಂದು ಶೇಷಕ್ಕ ನಿಲ್ಲಿಸಿದಳು. ಒಂದು ಹೆಸರು ಹೇಳುವಷ್ಟು ಹೊತ್ತು ಸುಮ್ಮನಿದ್ದು ಮುಂದಿನ ಸಾಲಿಗೆ ಹೋದಳು. ನೀನೂ ಹೀಗೇ ಮಾಡು ಎಂದು ನನಗೆ ಕಣ್ಣಲ್ಲೇ ಹೇಳಿದಳು. ಹಾಡಿನಲ್ಲಿ ಏಳು ಸಲ ಕರೆ ಬರುತ್ತದೆ, ಏಳು ಸಲವೂ ಹಾಗೇ ಬಿಟ್ಟಳು.

"ನಡುವೆ ಖಾಲಿ ಬಿಟ್ಟಂಗಾತಲ್ರೀ," ಎಂದರು ವೀರಬಸಪ್ಪ.

"ಹೆಸರು ಬ್ಯಾಡ ಅಂದೋರು ನೀವೇ ಅಲ್ದಾ?" ಎಂದಳು ಶೇಷಕ್ಕ.

"ಇರ್ಲಿ ಬಿಡ್ರಿ. ಯಾರ ಮನಿ ಮಗಳ ಹೆಸರೂ ಬ್ಯಾಡ," ಎಂದು ಶಕುಂತಲಮ್ಮ ಮಾತು ಮುಗಿಸಿದರು. ಮೈಕ್ ಸೆಟ್ಟಿನವರನ್ನೆಲ್ಲ ಹುಡುಕಿಸಿ, ಹಳೆಯದನ್ನು ವಾಪಸ್ ಪಡೆದು ಹೊಸದು ಕೊಡಿಸಿದವರೂ ಅವರೇ. ಮುಂದಿನ ತಿಂಗಳು ಗಂಗಾಶ್ರೀಗೆ ಸಂಬಂಧ ಕೂಡಿಬಂತು. ಅದು ಕಾಯಿಯ ಫಲವೋ, ಹುಡುಗನ ಮನೆಯವರ ಒಳ್ಳೆಯತನವೋ ನನಗೆ ಗೊತ್ತಿಲ್ಲ.

ಏಪ್ರಿಲ್‌ನಲ್ಲಿ ತೊಗರ್ಸಿಯ ಹುಚ್ಚರಾಯಪ್ಪನವರ ಮಗಳ ಮದುವೆ. ಹಿಂದಿನ ದಿನ ಬೆಳಿಗ್ಗೆ ಅರಿಸಿನ ಹಚ್ಚುವ ಹಸೆಗೆ ಕ್ಯಾಸೆಟ್ ಹಾಕಿದರಂತೆ. "ಹಸೆಗೆ ಏಳವ್ವ" ಎಂದ ಮೈಕು ಸುಮ್ಮನಾಯಿತು. ಚಪ್ಪರಕ್ಕೆ ಚಪ್ಪರವೇ ತಲೆ ಎತ್ತಿ ನೋಡಿತು. ಇನ್ನೊಂದು ಸಲ ಕರೆ ಬಂದಾಗ ಅತ್ತೆಯೊಬ್ಬಳು ಹುಡುಗಿಯ ಹೆಸರು ಕೂಗುವ ಹೊತ್ತಿಗೆ ಹಾಡು ಮುಂದಕ್ಕೆ ಹೋಗಿಬಿಟ್ಟಿತ್ತು. ಎರಡೆರಡು ಸಲ ತಿರುಗಿಸಿ ಹಾಕಿ ನೋಡಿದರು. ಮದುಮಗಳು ಕೂತಲ್ಲಿಂದ ಏಳಲಿಲ್ಲ. "ಕರೀದೆ ಏಳಬ್ಯಾಡ ನೀನು," ಎಂದು ಅಜ್ಜಿ ಅವಳ ಕೈ ಹಿಡಿದು ಕೂತಿದ್ದಳಂತೆ.

ಇದೆಲ್ಲ ನಮಗೆ ಆಮೇಲೆ ಗೊತ್ತಾದದ್ದು. ಮಧ್ಯಾಹ್ನ ನಮ್ಮ ಅಂಗಳಕ್ಕೆ ಒಂದು ಜೀಪು ಬಂತು. ಇಳಿದವರು ಹುಚ್ಚರಾಯಪ್ಪನವರೇ, ಕೈಯಲ್ಲಿ ಎಲೆ ಅಡಿಕೆಯ ತಟ್ಟೆ. ನಾನು ಕಾಯಿ ಸುಲಿಯುತ್ತ ಕೂತಿದ್ದೆ. ವೀರಬಸಪ್ಪನವರ ಕೋಣೆಯಲ್ಲಿ ಏಳು ಸಲ ಶೇಷಕ್ಕ ಯಾಕೆ ಹೆಸರಿನ ಜಾಗ ಬಿಟ್ಟಳೆಂದು ಆ ತಟ್ಟೆ ಕಂಡಾಗ ತಿಳಿಯಿತು, ನಾನು ಬೀಗಿದ್ದು ನೆನೆದು ನಾಚಿಕೆಯೂ ಆಯಿತು. ಅವರು ಚಪ್ಪಲಿ ಬಿಡುತ್ತಿದ್ದ ಸದ್ದಿಗೆ ಒಳಗಿನಿಂದ ಶೇಷಕ್ಕನ ದನಿ ಬಂತು.

"ಹುಡುಗಿ ಹೆಸರೇನು?"